ಕೈಯಿಂದ ಸ್ಕ್ರೀನ್ ಪ್ರಿಂಟಿಂಗ್: ಸ್ಕ್ವೀಜಿ ಎಳೆಯುವ ಕ್ರಮ ಮತ್ತು ಮೈಕೈ ನೋವಿನ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿಯ ಸಣ್ಣ ಪ್ರಿಂಟಿಂಗ್ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಟೀ ಶರ್ಟ್, ಬಾವುಟ, ಬಟ್ಟೆಯ ಕೈಚೀಲ ಮತ್ತು ಬೇಳೆ ಮಿಲ್ಲುಗಳ ಚೀಲಗಳ ಮೇಲೆ ಕೈಯಿಂದಲೇ ಮುದ್ರಿಸುವವರಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಮಣಿಕಟ್ಟು, ಮೊಣಕೈ, ಭುಜ ಹಾಗೂ ಸೊಂಟದ ನೋವಿನ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು ವ್ಯಾಯಾಮವನ್ನೋ ಮುಲಾಮನ್ನೋ ಕೇಳುತ್ತಾರೆ. ಅವುಗಳಿಗೂ ಇಲ್ಲಿ ಉತ್ತರವಿದೆ. ಆದರೂ ಕೈಗೆ ಬೀಳುವ ಭಾರದ ಬಹುಭಾಗ ಹುಟ್ಟುವುದು ಫ್ರೇಮ್, ಅದಕ್ಕೆ ಬಿಗಿದ ಜಾಲರಿ ಬಟ್ಟೆ (ಮೆಶ್), ಸ್ಕ್ವೀಜಿಯ (ಇಂಕು ಎಳೆಯುವ, ಹಿಡಿಯುಳ್ಳ ಪಟ್ಟಿ) ರಬ್ಬರ್ ಮತ್ತು ಇಂಕಿನ ಸ್ಥಿತಿಯಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯವಾದ್ದರಿಂದ, ಉತ್ತರಗಳು ಮೊದಲು ಅಲ್ಲಿಂದಲೇ ಆರಂಭವಾಗುತ್ತವೆ.

ಒಳ್ಳೆಯ ಪ್ರಿಂಟ್ ಬರಲು ಸ್ಕ್ವೀಜಿಯನ್ನು ಎಷ್ಟು ಒತ್ತಬೇಕು?

ಮೆಶ್ ಬಟ್ಟೆಗೋ ಕಾಗದಕ್ಕೋ ಒಂದು ಗೆರೆಯಷ್ಟು ಅಗಲದಲ್ಲಿ ತಾಗಬೇಕು, ಮೆಶ್‌ನ ಮೇಲೆ ಉಳಿದ ಇಂಕು ಬಳಿದುಕೊಂಡು ಹೋಗಬೇಕು. ಇವೆರಡಕ್ಕೆ ಬೇಕಾದಷ್ಟು ಒತ್ತಿದರೆ ಸಾಕು. ಬಲ ಹಾಕಿ ಒತ್ತಿದರೆ ಮಾತ್ರ ಇಂಕು ಕೆಳಗಿಳಿಯುತ್ತದೆ ಎಂಬ ನಂಬಿಕೆ ಅಂಗಡಿಗಳಲ್ಲಿ ಬೇರೂರಿದೆ. ನಡೆಯುವ ಕ್ರಿಯೆ ಬೇರೆಯದು. ಫ್ಲಡ್ ಎಳೆತದಲ್ಲಿ, ಅಂದರೆ ಮೆಶ್ ಮೇಲೆ ಇಂಕನ್ನು ಹಗುರವಾಗಿ ಹರಡುವ ಎಳೆತದಲ್ಲಿ, ಇಂಕು ಮೆಶ್‌ನ ಕಣ್ಣುಗಳಲ್ಲಿ ತುಂಬಿಕೊಳ್ಳುತ್ತದೆ. ಪ್ರಿಂಟ್ ಎಳೆತದಲ್ಲಿ ರಬ್ಬರಿನ ಅಂಚು ಮೆಶ್ ಅನ್ನು ಬಟ್ಟೆಗೆ ತಾಗಿಸುತ್ತದೆ. ಅಂಚು ಮುಂದೆ ಸರಿದ ಕೂಡಲೇ ಬಿಗಿಯಾದ ಮೆಶ್ ಮೇಲಕ್ಕೆ ಪುಟಿಯುತ್ತದೆ, ಮತ್ತು ಕಣ್ಣುಗಳಲ್ಲಿದ್ದ ಇಂಕು ಬಟ್ಟೆಗೆ ಅಂಟಿ ಅಲ್ಲಿಯೇ ಉಳಿಯುತ್ತದೆ. ಇದಕ್ಕಿಂತ ಹೆಚ್ಚು ಒತ್ತಿದಾಗ ರಬ್ಬರ್ ಬಾಗುತ್ತದೆ, ಅದರ ಕೋನ ತಗ್ಗುತ್ತದೆ, ಇಂಕು ಅಕ್ಷರದ ಅಂಚಿನಿಂದ ಹೊರಗೆ ಹರಡುತ್ತದೆ, ಮೆಶ್ ಮೇಲಿನ ಸ್ಟೆನ್ಸಿಲ್ (ವಿನ್ಯಾಸದ ಅಚ್ಚು) ಬೇಗ ಸವೆಯುತ್ತದೆ. ಅಂದರೆ ಹೆಚ್ಚಿನ ಬಲದಿಂದ ಕೈಯೂ ಕೆಡುತ್ತದೆ, ಕೆಲಸವೂ ಕೆಡುತ್ತದೆ.

ಪರೀಕ್ಷೆ ಸುಲಭ. ರದ್ದಿ ಬಟ್ಟೆಯ ಮೇಲೆ ಬೇಕೆಂದೇ ಬಹಳ ಹಗುರವಾಗಿ ಎಳೆಯಿರಿ. ಮೆಶ್‌ನ ಮೇಲೆ ಇಂಕಿನ ತೆಳು ಪೊರೆ ಉಳಿದಿರುತ್ತದೆ. ಮುಂದಿನ ಎಳೆತಗಳಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಡ ಹೆಚ್ಚಿಸುತ್ತ ಹೋಗಿ. ಎಳೆದ ಮೇಲೆ ಮೆಶ್ ಸ್ವಚ್ಛವಾಗಿ, ವಿನ್ಯಾಸದ ಭಾಗದಲ್ಲಿ ಕೆಳಗಿನ ಬಟ್ಟೆ ಸ್ಪಷ್ಟವಾಗಿ ಕಾಣುವ ಹಂತ ಬಂದಾಗ ನಿಲ್ಲಿಸಿ. ಆ ಕೆಲಸಕ್ಕೆ ಬೇಕಾದ ಬಲ ಅಷ್ಟೇ.

ನಾನು ಅಷ್ಟು ಹಗುರವಾಗಿ ಎಳೆದರೆ ಪ್ರಿಂಟ್ ಬರುವುದೇ ಇಲ್ಲ. ಏನು ಕಾರಣ?

ಮೊದಲು ಮೆಶ್‌ನ ಬಿಗಿ ನೋಡಿ. ಸಡಿಲವಾದ ಮೆಶ್ ಸ್ಕ್ವೀಜಿಯ ಮುಂದೆ ಅಲೆಯಂತೆ ಉಬ್ಬುತ್ತದೆ ಮತ್ತು ಹಿಂದೆ ಬಟ್ಟೆಗೇ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಗ್ಯಾಪ್ (ಮೆಶ್ ಮತ್ತು ಬಟ್ಟೆಯ ನಡುವಿನ ಅಂತರ) ಹೆಚ್ಚಿಸುತ್ತೇವೆ, ಗ್ಯಾಪ್ ಹೆಚ್ಚಿದ್ದಕ್ಕೆ ಒತ್ತಡ ಹೆಚ್ಚಿಸುತ್ತೇವೆ, ಒತ್ತಡಕ್ಕೆ ಮೆಶ್ ಇನ್ನಷ್ಟು ಸಡಿಲವಾಗುತ್ತದೆ. ಬಟ್ಟೆಯ ಕೆಲಸಕ್ಕೆ ಪ್ರತಿ ಸೆಂಟಿಮೀಟರಿಗೆ 20ರಿಂದ 25 ನ್ಯೂಟನ್ ಬಿಗಿ ಇದ್ದರೆ ಕೈಗೆ ಹಿತ. ಟೆನ್ಶನ್ ಮೀಟರ್ ಇಲ್ಲದವರು ಹೊಸದಾಗಿ ಬಿಗಿದ ಫ್ರೇಮ್ ಒಂದನ್ನು ಹೋಲಿಕೆಗಾಗಿ ಬೇರೆ ಇಟ್ಟುಕೊಂಡು, ಬೆರಳಿನಿಂದ ತಟ್ಟಿ ಸದ್ದಿನ ವ್ಯತ್ಯಾಸ ಕೇಳಬಹುದು. ಮರದ ಫ್ರೇಮ್‌ಗಳನ್ನು ಪದೇ ಪದೇ ತೊಳೆದಾಗ ಮೂಲೆಗಳು ಬಿಚ್ಚಿ ಫ್ರೇಮ್ ತಿರುಚಿಕೊಳ್ಳುತ್ತದೆ. ಅಂಥದ್ದನ್ನು ಸಪಾಟಾದ ಕಲ್ಲಿನ ಮೇಲಿಟ್ಟರೆ ಒಂದು ಮೂಲೆ ಮೇಲೆದ್ದಿರುವುದು ಕಾಣುತ್ತದೆ.

ಮೆಶ್ ಸರಿಯಿದ್ದರೆ ಮೊಂಡಾದ ರಬ್ಬರ್, ದಪ್ಪಗಾದ ಇಂಕು, ಸರಿಯಾಗಿ ತೊಳೆಯದೆ ಕಣ್ಣುಗಳಲ್ಲಿ ಉಳಿದ ಎಮಲ್ಷನ್ನಿನ (ಸ್ಟೆನ್ಸಿಲ್ ಮಾಡಲು ಹಚ್ಚುವ ಲೇಪ) ತೆಳು ಪದರ, ತಗ್ಗುದಿಣ್ಣೆಯ ಟೇಬಲ್, ಇಂಕಿಗೆ ಹೊಂದದ ಮೆಶ್ ಇವುಗಳನ್ನು ಒಂದೊಂದಾಗಿ ಪರಿಶೀಲಿಸಿ. ಕೊನೆಯದಕ್ಕೆ ಉದಾಹರಣೆ ಕೊಡುವುದಾದರೆ, ಲಗ್ನಪತ್ರಿಕೆಯ ಸಣ್ಣ ಅಕ್ಷರಗಳಿಗೆ ಬಳಸುವ 120ಟಿ (ಸೆಂಟಿಮೀಟರಿಗೆ 120 ಎಳೆಗಳ) ಮೆಶ್‌ನಲ್ಲಿ ಬಟ್ಟೆಯ ದಪ್ಪ ಬಿಳಿ ಇಂಕನ್ನು ಇಳಿಸಲು ಹೊರಟರೆ ಯಾರ ತೋಳಿನ ಬಲವೂ ಸಾಲದು.

ಗ್ಯಾಪ್ ಎಷ್ಟಿರಬೇಕು? ಅದಕ್ಕೂ ಕೈ ನೋವಿಗೂ ಏನು ಸಂಬಂಧ?

ಗಟ್ಟಿ ಕಾಗದಕ್ಕೆ ಸಾಮಾನ್ಯವಾಗಿ 1ರಿಂದ 2 ಮಿಲಿಮೀಟರ್, ಟೀ ಶರ್ಟಿಗೆ 1.5ರಿಂದ 3 ಮಿಲಿಮೀಟರ್ ಸಾಕು. ಸಂಬಂಧ ನೇರವಾದದ್ದು. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಅಂದಾಜಿನಲ್ಲಿ ಇದರ ತೀವ್ರತೆ ತಿಳಿಯುವುದಿಲ್ಲ.

ಮೆಶ್‌ನ ಬಿಗಿ ಸೆಂಟಿಮೀಟರಿಗೆ 20 ನ್ಯೂಟನ್, ಸ್ಕ್ವೀಜಿಯ ಅಗಲ 30 ಸೆಂಟಿಮೀಟರ್, ಫ್ರೇಮ್‌ನ ಒಳ ಉದ್ದ 50 ಸೆಂಟಿಮೀಟರ್, ಗ್ಯಾಪ್ 3 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅಡ್ಡ ದಿಕ್ಕಿನ ಎಳೆತವನ್ನು ಬಿಟ್ಟು ಸರಳವಾಗಿ ಲೆಕ್ಕ ಹಾಕಿದರೆ, ಫ್ರೇಮ್‌ನ ನಟ್ಟನಡುವೆ ಮೆಶ್ ಅನ್ನು ಕೆಳಗೆ ತಾಗಿಸಲು ಸುಮಾರು 14 ನ್ಯೂಟನ್, ಅಂದರೆ ಒಂದೂವರೆ ಕಿಲೋ ತೂಕದಷ್ಟು ಒತ್ತಡ ಬೇಕು. ಅದೇ ಸ್ಕ್ವೀಜಿ ಫ್ರೇಮ್‌ನ ಅಂಚಿನಿಂದ 5 ಸೆಂಟಿಮೀಟರ್ ದೂರದಲ್ಲಿದ್ದಾಗ ಬೇಕಾಗುವುದು ಸುಮಾರು 40 ನ್ಯೂಟನ್, ಅಂದರೆ ನಾಲ್ಕು ಕಿಲೋ. ಗ್ಯಾಪ್ ಅನ್ನು 6 ಮಿಲಿಮೀಟರಿಗೆ ಏರಿಸಿದರೆ ಎರಡೂ ಅಂಕಿಗಳು ಇಮ್ಮಡಿಯಾಗುತ್ತವೆ. ಇದು ಮೆಶ್ ಅನ್ನು ಬಗ್ಗಿಸಲು ಮಾತ್ರ; ಇಂಕನ್ನು ಬಳಿಯುವ ಶ್ರಮ ಇದರ ಮೇಲೆ ಸೇರುತ್ತದೆ.

ಎಳೆತದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಕೈ ಯಾಕೆ ಭಾರವೆನಿಸುತ್ತದೆ ಎಂಬುದಕ್ಕೂ ಇದೇ ಉತ್ತರ. ಎಳೆತ ಮುಗಿಯುವ ಜಾಗದಲ್ಲಿ ಮಣಿಕಟ್ಟು ಅತಿ ಹೆಚ್ಚು ಮಡಚಿರುತ್ತದೆ, ಮೆಶ್ ಕೂಡ ಅಲ್ಲಿಯೇ ಅತಿ ಹೆಚ್ಚು ಎದುರೊತ್ತುತ್ತದೆ. ಆದ್ದರಿಂದ ವಿನ್ಯಾಸದ ಮೇಲ್ತುದಿ ಮತ್ತು ಕೆಳತುದಿಗಳಿಂದ ಫ್ರೇಮ್‌ವರೆಗೆ ಕನಿಷ್ಠ 10 ಸೆಂಟಿಮೀಟರ್, ಅಕ್ಕಪಕ್ಕಗಳಲ್ಲಿ 5 ಸೆಂಟಿಮೀಟರಿಗೂ ಹೆಚ್ಚು ಜಾಗ ಬಿಡಿ. ಮೆಶ್ ಉಳಿಸಲೆಂದು ಚಿಕ್ಕ ಫ್ರೇಮ್‌ನಲ್ಲಿ ದೊಡ್ಡ ವಿನ್ಯಾಸ ತುಂಬಿಸುವುದು ಕೈಗೆ ದುಬಾರಿಯಾಗುವ ಉಳಿತಾಯ. ವಿನ್ಯಾಸಕ್ಕಿಂತ ಬಹಳ ಅಗಲವಾದ ಸ್ಕ್ವೀಜಿಯೂ ಹಾಗೆಯೇ: ಎರಡೂ ಬದಿ ಎರಡು ಮೂರು ಸೆಂಟಿಮೀಟರ್ ಹೆಚ್ಚಿದ್ದರೆ ಸಾಕು.

ಸ್ಕ್ವೀಜಿಯ ಕೋನ ಎಷ್ಟಿರಬೇಕು?

ಮೆಶ್‌ನಿಂದ ಅಳೆದರೆ ಸುಮಾರು 75 ಡಿಗ್ರಿ, ಅಂದರೆ ನೆಟ್ಟಗೆ ನಿಂತದ್ದಕ್ಕಿಂತ ಸ್ವಲ್ಪವೇ ವಾಲಿರಬೇಕು. ಮಲಗಿಸಿದಷ್ಟೂ ಇಂಕು ಹೆಚ್ಚು ಇಳಿಯುತ್ತದೆ ಮತ್ತು ಗೆರೆಗಳು ಮಸುಕಾಗುತ್ತವೆ. ಕೆಲಸ ಶುರುವಾದಾಗ ಸರಿಯಿದ್ದ ಕೋನ ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ತಗ್ಗಿರುತ್ತದೆ. ಪ್ರಿಂಟ್ ದಪ್ಪವಾಗುತ್ತ ಹೋಗುತ್ತಿದ್ದರೆ ಇಂಕನ್ನು ದೂರುವ ಮೊದಲು ಮಣಿಕಟ್ಟಿನ ಕಡೆ ಕಣ್ಣು ಹಾಯಿಸಿ. ಎಳೆತದುದ್ದಕ್ಕೂ ಕೋನ ಒಂದೇ ಇರಬೇಕಾದರೆ ಮಣಿಕಟ್ಟು ನೇರವಾಗಿ, ಅಲುಗದೆ ಇರಬೇಕು. ಚಲನೆ ಭುಜ ಮತ್ತು ಸೊಂಟದಿಂದ ಬರಬೇಕು. ಮಣಿಕಟ್ಟು ಮಡಚುತ್ತ ಬಂದರೆ ಕೋನ ತಪ್ಪುತ್ತದೆ, ನರದ ಮೇಲಿನ ಒತ್ತಡವೂ ಏರುತ್ತದೆ.

ತನ್ನತ್ತ ಎಳೆಯುವುದು ಒಳ್ಳೆಯದೋ, ಮುಂದಕ್ಕೆ ತಳ್ಳುವುದೋ?

ಟೀ ಶರ್ಟ್ ಮತ್ತು ಬಟ್ಟೆಯ ಕೆಲಸದಲ್ಲಿ ತಳ್ಳುವ ಪದ್ಧತಿ ದೇಹಕ್ಕೆ ಹಗುರ ಎಂಬುದು ನಮ್ಮ ಅನಿಸಿಕೆ. ತಳ್ಳುವಾಗ ಮೊಣಕೈಗಳು ಪಕ್ಕೆಗೆ ಹತ್ತಿರವಿರುತ್ತವೆ, ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುತ್ತ ಒತ್ತಡ ಕೊಡಬಹುದು, ಬೆರಳುಗಳಿಂದ ಬಿಗಿಯಾಗಿ ಚಿವುಟಿ ಹಿಡಿಯುವ ಅಗತ್ಯ ಕಡಿಮೆ. ಎಳೆಯುವಾಗ ಒಂದೇ ಹೊತ್ತಿಗೆ ಕೆಳಕ್ಕೆ ಒತ್ತಬೇಕು, ಹಿಂದಕ್ಕೆ ಸೆಳೆಯಬೇಕು ಮತ್ತು ಜಾರದಂತೆ ಹಿಡಿಯಬೇಕು. ಮುಂಗೈಯ ಸ್ನಾಯುಗಳಿಗೆ ಬಿಡುವೇ ಸಿಗುವುದಿಲ್ಲ.

ಲಗ್ನಪತ್ರಿಕೆಯಂಥ ಸಣ್ಣ, ನವಿರಾದ ಕೆಲಸಕ್ಕೆ ಮಾತ್ರ ಎಳೆಯುವುದೇ ಅನುಕೂಲ. ಕೋನದ ಹಿಡಿತ ಸುಲಭ, ಬೇಕಾದ ಬಲವೂ ಕಡಿಮೆ. ಇಷ್ಟು ದಿನ ಎಳೆದೇ ರೂಢಿಯಾದವರು ದೊಡ್ಡ ಆರ್ಡರಿನ ನಡುವೆ ತಳ್ಳಲು ಕಲಿಯಬಾರದು. ಸೀಸನ್ ಇಲ್ಲದಾಗ, ಒಂದೇ ಬಣ್ಣದ ಸರಳ ವಿನ್ಯಾಸದ ಮೇಲೆ ಕಲಿಯುವುದು ಕ್ಷೇಮ. ಎರಡೂ ಬಂದವರಿಗೆ ಒಂದು ಲಾಭವಿದೆ: ಬೆಳಿಗ್ಗೆ ತಳ್ಳಿ ಮಧ್ಯಾಹ್ನ ಎಳೆದರೆ ಒಂದೇ ಸ್ನಾಯುಗಳ ಮೇಲೆ ಇಡೀ ದಿನದ ಭಾರ ಬೀಳುವುದಿಲ್ಲ. ಆದರೆ ಒಂದೇ ಆರ್ಡರಿನ ನಡುವೆ ಪದ್ಧತಿ ಬದಲಿಸಿದರೆ ಬಣ್ಣದ ದಪ್ಪದಲ್ಲಿ ವ್ಯತ್ಯಾಸ ಕಾಣುತ್ತದೆ.

ಸ್ಕ್ವೀಜಿಯನ್ನು ಹಿಡಿಯುವ ಸರಿಯಾದ ರೀತಿ ಯಾವುದು?

ಎರಡು ಕೈ, ಹಿಡಿಯ ಎರಡು ತುದಿಗಳಿಂದ ಸಮ ದೂರದಲ್ಲಿ. ಹೆಬ್ಬೆರಳು ಒಂದು ಬದಿ, ಉಳಿದ ನಾಲ್ಕು ಇನ್ನೊಂದು ಬದಿ. ಒತ್ತಡ ಬೆರಳ ತುದಿಗಳಿಂದ ಬರದೆ ಅಂಗೈಯಿಂದ ಬರಬೇಕು. ಪೇಟೆಯಲ್ಲಿ ಸಿಗುವ ಮರದ ಹಿಡಿಗಳಲ್ಲಿ ಹಲವು ತೆಳ್ಳಗಿರುತ್ತವೆ, ಅವುಗಳನ್ನು ಚಿವುಟಿಯೇ ಹಿಡಿಯಬೇಕಾಗುತ್ತದೆ. ಮುಷ್ಟಿ ತುಂಬಿ ಹಿಡಿಯಲು 3ರಿಂದ 4.5 ಸೆಂಟಿಮೀಟರ್ ದಪ್ಪ ಬೇಕು.

ಇದಕ್ಕೆ ದುಡ್ಡಿಲ್ಲದ ಉಪಾಯವಿದೆ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎರಡು ಬೆರಳಗಲದ ಪಟ್ಟಿ ಮಾಡಿ, ಹಿಡಿಯ ಒಂದು ತುದಿಯಿಂದ ಬಿಗಿಯಾಗಿ, ಅರ್ಧರ್ಧ ಮೇಲೇರುವಂತೆ ಸುತ್ತುತ್ತ ಬನ್ನಿ. ಬೇಕಾದ ದಪ್ಪ ಬರುವವರೆಗೆ ಎರಡನೆಯ ಸುತ್ತು ಹಾಕಿ, ತುದಿಯನ್ನು ಒಳಗೆ ತೂರಿಸಿ ಎಳೆಯಿರಿ. ಅಲ್ಯೂಮಿನಿಯಂ ಹಿಡಿಯ ಚೂಪು ಅಂಚುಗಳು ಅಂಗೈಯ ಬುಡಕ್ಕೆ ಒತ್ತುವುದೂ ಇದರಿಂದ ತಪ್ಪುತ್ತದೆ. ರಿಡ್ಯೂಸರ್ (ಇಂಕನ್ನು ತೆಳುಮಾಡುವ ದ್ರಾವಕ) ತಾಗಿದ ಟ್ಯೂಬು ಉಬ್ಬಿ ಜಿಗುಟಾಗುವುದರಿಂದ ಆಗಾಗ ಬದಲಿಸಬೇಕಾಗುತ್ತದೆ.

ಯಾವ ಗಡಸುತನದ ರಬ್ಬರ್ ತೆಗೆದುಕೊಳ್ಳಬೇಕು?

ಗಡಸುತನವನ್ನು ಶೋರ್ ಎ ಅಳತೆಯಲ್ಲಿ ಹೇಳುತ್ತಾರೆ. ಕೈಕೆಲಸದಲ್ಲಿ ಹೆಚ್ಚಾಗಿ ಬಳಕೆಯಾಗುವುದು 60ರಿಂದ 75ರ ನಡುವಿನದು. ಮೆತ್ತನೆಯದು ಹೆಚ್ಚು ಇಂಕು ಇಳಿಸುತ್ತದೆ, ಒರಟು ಬಟ್ಟೆಗೆ ಒಗ್ಗುತ್ತದೆ. ಗಡಸಾದದ್ದು ಕಡಿಮೆ ಇಂಕಿನ ಚೂಪಾದ ಗೆರೆ ಕೊಡುತ್ತದೆ. ಒತ್ತಿ ಎಳೆಯುವ ಅಭ್ಯಾಸ ಇರುವವರಿಗೆ ಮೆತ್ತನೆಯ ರಬ್ಬರ್ ಬಾಗಿ ಬಾಗಿ ಮೋಸ ಮಾಡುತ್ತದೆ. ಅಂಥವರು 70ರದ್ದನ್ನು ತೆಗೆದುಕೊಂಡರೆ ತಪ್ಪು ಬೇಗ ಗೊತ್ತಾಗುತ್ತದೆ. ದ್ರಾವಕ ಬೆರೆತ ಇಂಕುಗಳ ಕೆಲಸಕ್ಕೆ ಸಾಧಾರಣ ರಬ್ಬರಿಗಿಂತ ಪಾಲಿಯುರೆಥೇನ್ ಪಟ್ಟಿ ಹೆಚ್ಚು ಬಾಳುತ್ತದೆ.

ರಬ್ಬರ್ ಮೊಂಡಾಗಿದೆ ಎಂದು ತಿಳಿಯುವುದು ಹೇಗೆ? ಮಸೆಯಬಹುದೇ?

ಸ್ಕ್ವೀಜಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅಂಚಿನ ಉದ್ದಕ್ಕೆ ಬೆಳಕಿಗೆ ಹಿಡಿದು ನೋಡಿ. ಹೊಸ ಅಂಚು ತೆಳ್ಳನೆಯ ನೇರ ಗೆರೆಯಾಗಿ ಕಾಣುತ್ತದೆ. ಸವೆದ ಅಂಚಿನಲ್ಲಿ ಗೆರೆ ಅಗಲವಾಗಿ ಹೊಳೆಯುತ್ತದೆ, ಸಾಮಾನ್ಯವಾಗಿ ನಡುಭಾಗದಲ್ಲಿ ಹೆಚ್ಚು, ಏಕೆಂದರೆ ವಿನ್ಯಾಸಗಳು ಅಲ್ಲಿಯೇ ಕೂಡಿರುತ್ತವೆ. ಆಮೇಲೆ ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಓಡಿಸಿ. ಕಚ್ಚು ಬಿದ್ದ ಜಾಗ ಉಗುರಿಗೆ ಸಿಗುತ್ತದೆ. ಅಂಥ ಒಂದೇ ಒಂದು ಕಚ್ಚು ಪ್ರಿಂಟಿನಲ್ಲಿ ಉದ್ದ ಗೀರಾಗಿ ಬೀಳುತ್ತದೆ, ಆ ಗೀರನ್ನು ಅಳಿಸಲು ಇಡೀ ದಿನ ಒತ್ತಿ ಎಳೆಯುವವರಿದ್ದಾರೆ.

ಮಸೆಯಬಹುದು. ಸಪಾಟಾದ ಹಲಗೆಗೆ 120 ನಂಬರಿನ ಮರಳು ಕಾಗದ ಅಂಟಿಸಿ, ಪಕ್ಕದಲ್ಲಿ ಆಸರೆಯಾಗಿ ಒಂದು ಮರದ ತುಂಡನ್ನು ನೆಟ್ಟಗೆ ಹೊಡೆದು, ಸ್ಕ್ವೀಜಿಯನ್ನು ಆ ತುಂಡಿಗೆ ಒರಗಿಸಿ ಲಂಬವಾಗಿ ಹಿಂದೆ ಮುಂದೆ ಎಳೆಯಿರಿ. ಹೊಳಪು ಹೋದ ಮೇಲೆ 220 ಅಥವಾ ಅದಕ್ಕಿಂತ ನಯವಾದ ಕಾಗದದಲ್ಲಿ ಮುಗಿಸಿ. ಆಸರೆ ಇಲ್ಲದೆ ಮಸೆದರೆ ಅಂಚು ದುಂಡಗಾಗಿ, ಮೊದಲಿಗಿಂತ ಕೆಡುತ್ತದೆ. ದಿನವಿಡೀ ರಿಡ್ಯೂಸರಿನಲ್ಲಿ ನೆಂದ ರಬ್ಬರ್ ಉಬ್ಬಿ ಮೆತ್ತಗಾಗಿರುತ್ತದೆ. ಅದನ್ನು ಒರೆಸಿ ಒಂದು ದಿನ ಒಣಗಲು ಬಿಟ್ಟು ಆಮೇಲೆ ಮಸೆಯಬೇಕು. ಎರಡು ಸ್ಕ್ವೀಜಿಗಳನ್ನು ದಿನ ಬಿಟ್ಟು ದಿನ ಬಳಸುವ ಪದ್ಧತಿ ಇದಕ್ಕಾಗಿಯೇ ಒಳ್ಳೆಯದು. ಇಡುವಾಗ ಅಂಚಿನ ಮೇಲೆ ನಿಲ್ಲಿಸದೆ ಮೊಳೆಗೆ ತೂಗುಹಾಕಿ.

ಟೇಬಲ್ ಎಷ್ಟು ಎತ್ತರವಿರಬೇಕು?

ನೆಟ್ಟಗೆ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಕಾರ್ಡಿನಂಥ ಹಗುರ ಕೆಲಸಕ್ಕೆ ಟೇಬಲ್ ಅದಕ್ಕಿಂತ 5ರಿಂದ 10 ಸೆಂಟಿಮೀಟರ್ ಕೆಳಗೆ, ಬಟ್ಟೆ ಅಥವಾ ಚೀಲದಂಥ ಒತ್ತಿ ಮಾಡುವ ಕೆಲಸಕ್ಕೆ 20ರಿಂದ 30 ಸೆಂಟಿಮೀಟರ್ ಕೆಳಗೆ ಇರಲಿ. ಲೆಕ್ಕ ಹಾಕುವಾಗ ಫ್ರೇಮ್ ಮತ್ತು ಹಿಡಿಯ ಎತ್ತರ ಸೇರಿಸಲು ಮರೆಯಬೇಡಿ. ಕೈ ಇರುವುದು ಟೇಬಲ್ಲಿನ ಮೇಲಲ್ಲ, ಹಿಡಿಯ ಮೇಲೆ. ಒಂದೇ ಟೇಬಲ್ಲಿನಲ್ಲಿ ಎತ್ತರದವರೂ ಕುಳ್ಳಗಿನವರೂ ಕೆಲಸ ಮಾಡುವುದಾದರೆ ಟೇಬಲ್ಲನ್ನು ಎತ್ತರದವರಿಗೆ ಹೊಂದಿಸಿ, ಕುಳ್ಳಗಿನವರಿಗೆ ಗಟ್ಟಿಯಾದ ಹಲಗೆಯ ಮಣೆ ಕೊಡಿ.

ನೆಲದ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಅಂಗಡಿಗಳಲ್ಲಿ ಕಾಲ ಕೆಳಗೆ ಶಹಾಬಾದ್ ಕಲ್ಲು ಇರುವುದೇ ಹೆಚ್ಚು. ಬೇಸಿಗೆಯಲ್ಲಿ ಅದು ತಂಪು, ಆದರೆ ಗಂಟೆಗಟ್ಟಲೆ ನಿಂತವರ ಹಿಮ್ಮಡಿ ಮತ್ತು ಸೊಂಟಕ್ಕೆ ಬಹಳ ಗಟ್ಟಿ. ನಿಲ್ಲುವ ಜಾಗದಲ್ಲಿ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಒಂದು ಕಾಲನ್ನು ಆಗಾಗ ಇಟ್ಟಿಗೆಯ ಎತ್ತರದ ಮೆಟ್ಟಿನ ಮೇಲಿಟ್ಟು ಬದಲಿಸುತ್ತಿರಿ.

ಬೇಳೆ ಮಿಲ್ಲಿನ ಚೀಲಗಳನ್ನು ನೆಲದ ಮೇಲೆ ಕುಳಿತೇ ಹೊಡೆಯುತ್ತೇವೆ. ಬೇರೆ ದಾರಿ ಇದೆಯೇ?

ತೊಗರಿಯ ಸುಗ್ಗಿ ಡಿಸೆಂಬರ್, ಜನವರಿಯ ಹೊತ್ತಿಗೆ ಬರುತ್ತದೆ, ಅದರ ಬೆನ್ನಿಗೇ ಚೀಲಗಳ ಕೆಲಸವೂ ಒಮ್ಮೆಲೇ ಬೀಳುತ್ತದೆ. ಚೀಲಗಳ ಗುಡ್ಡೆಯ ಮೇಲೆಯೇ ಫ್ರೇಮ್ ಇಟ್ಟು, ಕುಕ್ಕರಗಾಲಲ್ಲಿ ಕುಳಿತು, ಬೆನ್ನು ಬಗ್ಗಿಸಿ, ತೋಳು ಮುಂದೆ ಚಾಚಿ ಒಂದೇ ಕೈಯಲ್ಲಿ ಸ್ಕ್ವೀಜಿ ಎಳೆಯುವುದನ್ನು ನೋಡಿದವರಿಗೆ ನೋವು ಎಲ್ಲಿಂದ ಬರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡೆ ಮೆತ್ತಗಿರುವುದರಿಂದ ಒತ್ತಿದ ಬಲದ ಒಂದು ಪಾಲು ಚೀಲಗಳಲ್ಲೇ ಇಂಗಿಹೋಗುತ್ತದೆ. ಚೀಲಗಳು ಖಾಲಿಯಾದಂತೆ ಗುಡ್ಡೆ ತಗ್ಗುತ್ತ, ಬೆನ್ನು ಇನ್ನಷ್ಟು ಬಗ್ಗುತ್ತದೆ.

ಕಡಿಮೆ ಖರ್ಚಿನ ಬದಲಾವಣೆ ಎಂದರೆ ನಿಂತು ಮಾಡುವ ಎತ್ತರಕ್ಕೆ ಒಂದು ಗಟ್ಟಿ ಹಲಗೆ, ಅದರ ಒಂದು ಅಂಚಿಗೆ ಫ್ರೇಮ್ ಹಿಡಿಯುವ ಕೀಲು, ಎರಡು ಬದಿ ಚೀಲ ಸರಿಯಾಗಿ ಕೂರಲು ಮರದ ಪಟ್ಟಿಗಳ ಗುರುತು. ಫ್ರೇಮ್ ಎತ್ತುವ ಕೆಲಸವೂ ಕೈಗೇ ಬೀಳದಂತೆ ಹಿಂಭಾಗದಲ್ಲಿ ಎದುರುತೂಕ ಅಥವಾ ಸ್ಪ್ರಿಂಗ್ ಕಟ್ಟಿ. ಒಬ್ಬರು ಚೀಲ ಹಾಕಿ, ಒಬ್ಬರು ಎಳೆದು, ಒಬ್ಬರು ತೆಗೆದು ಒಣಗಿಸುವಂತೆ ಮೂವರು ಸೇರಿದರೆ ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಬಹುದು. ಸೆಣಬಿನ ಚೀಲದ ನೇಯ್ಗೆ ಒರಟಾದ್ದರಿಂದ ದೊಡ್ಡ ಕಣ್ಣಿನ ಮೆಶ್, ಮೆತ್ತನೆಯ ರಬ್ಬರ್, ದಪ್ಪ ಗೆರೆಯ ಅಕ್ಷರ ಇಟ್ಟುಕೊಳ್ಳಿ. ಸೆಣಬಿನ ಪ್ರತಿ ಎಳೆಯ ಸಂದಿಗೂ ಬಣ್ಣ ಮುಟ್ಟಿಸುವ ಹಟ ಬೇಡ. ಮಿಲ್ಲಿನವರಿಗೆ ಬೇಕಾದದ್ದು ದೂರದಿಂದ ಓದಲು ಬರುವ ಹೆಸರು ಮತ್ತು ತೂಕ.

ಬೇಸಿಗೆಯಲ್ಲಿ ಸ್ಕ್ವೀಜಿ ಯಾಕೆ ಭಾರವಾಗುತ್ತದೆ?

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣ. ನೀರಿನ ಇಂಕು ಮೆಶ್‌ನ ಕಣ್ಣುಗಳಲ್ಲೇ ಒಣಗಿ ಗಟ್ಟಿಯಾಗುತ್ತದೆ. ಅಕ್ಷರ ಮಸುಕಾದದ್ದನ್ನು ಕಂಡು ನಾವು ಇನ್ನಷ್ಟು ಒತ್ತುತ್ತೇವೆ. ಲಗ್ನದ ಸೀಸನ್ನೂ ಅದೇ ಹೊತ್ತಿನಲ್ಲಿ ಬರುವುದು ನಮ್ಮ ದುರದೃಷ್ಟ. ಪ್ರತಿ ಪ್ರಿಂಟಿನ ನಂತರ ಮೆಶ್ ಮೇಲೆ ಫ್ಲಡ್ ಎಳೆದು ಇಂಕಿನ ಹೊದಿಕೆ ಇರಿಸಿ. ಫ್ಯಾನ್ ಗಾಳಿ ನೇರವಾಗಿ ಫ್ರೇಮ್‌ಗೆ ಬಡಿಯದಂತೆ ತಿರುಗಿಸಿ, ಇಂಕನ್ನು ಸ್ವಲ್ಪ ಸ್ವಲ್ಪವೇ ಹಾಕಿ, ತಯಾರಕರು ಹೇಳಿದ ಪ್ರಮಾಣದಲ್ಲಿ ರಿಟಾರ್ಡರ್ (ಇಂಕು ಒಣಗುವುದನ್ನು ನಿಧಾನಿಸುವ ದ್ರವ) ಬೆರೆಸಿ. ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿದರೆ ಇಂಕಿಗೂ ಒಳ್ಳೆಯದು, ಮನುಷ್ಯರಿಗೂ ಒಳ್ಳೆಯದು. ನವಿರಾದ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸಿ.

ಪ್ಲಾಸ್ಟಿಸಾಲ್ (ಶಾಖ ಕೊಟ್ಟರೆ ಮಾತ್ರ ಗಟ್ಟಿಯಾಗುವ ಪ್ಲಾಸ್ಟಿಕ್) ಇಂಕಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಮೆಶ್‌ನಲ್ಲಿ ಒಣಗುವುದಿಲ್ಲ, ಆದರೆ ಬೀದರ್ ಕಡೆಯ ಚಳಿಗಾಲದ ಮುಂಜಾವಿನಲ್ಲಿ ಡಬ್ಬಿಯಿಂದ ತೆಗೆದಾಗ ಹಿಟ್ಟಿನ ಮುದ್ದೆಯಷ್ಟು ಬಿಗಿಯಾಗಿರುತ್ತದೆ. ಚೆನ್ನಾಗಿ ಕಲಕಿದರೆ ಸಡಿಲವಾಗುತ್ತದೆ. ಕಲಕುವ ಆ ಕೆಲವು ನಿಮಿಷಗಳನ್ನು ಉಳಿಸಲು ಹೋದವರು ಮೊದಲ ಐವತ್ತು ಶರ್ಟುಗಳನ್ನು ಭುಜದ ಬಲದಿಂದ ಹೊಡೆಯುತ್ತಾರೆ.

ಕಪ್ಪು ಟೀ ಶರ್ಟಿನ ಮೇಲೆ ಬಿಳಿ ಬಣ್ಣ ಹೊಡೆದ ದಿನ ರಾತ್ರಿ ಕೈ ಎತ್ತಲಾಗುವುದಿಲ್ಲ. ಏನು ಮಾಡಬೇಕು?

ಬಿಳಿ ಇಂಕಿನಲ್ಲಿ ವರ್ಣಕದ ಪ್ರಮಾಣ ಹೆಚ್ಚು, ಆದ್ದರಿಂದ ಅದು ದಪ್ಪ. ಒಂದೇ ಎಳೆತದಲ್ಲಿ ಬಟ್ಟೆ ಪೂರ್ತಿ ಮುಚ್ಚಬೇಕೆಂಬ ಹಟವೇ ಇಲ್ಲಿ ನೋವಿನ ಮೂಲ. ಒತ್ತಿದಷ್ಟೂ ಇಂಕು ಬಟ್ಟೆಯ ಎಳೆಗಳ ಒಳಕ್ಕೆ ಇಳಿದು, ಕಪ್ಪು ನಾರುಗಳು ಮೇಲೇಳುತ್ತವೆ, ಬಿಳುಪು ಕಡಿಮೆಯಾಗುತ್ತದೆ. ಹಗುರವಾಗಿ ಒಮ್ಮೆ ಹೊಡೆದು, ಫ್ಲ್ಯಾಶ್ ಹೀಟರ್ ಕೆಳಗೆ ಮುಟ್ಟಿದರೆ ಅಂಟದಷ್ಟು ಒಣಗಿಸಿ, ಮತ್ತೊಮ್ಮೆ ಹಗುರವಾಗಿ ಹೊಡೆಯಿರಿ. ಇಂಕು ಮೇಲೆಯೇ ಕೂತು ಬಿಳುಪು ಹೆಚ್ಚುತ್ತದೆ. 43ಟಿಯಿಂದ 61ಟಿ ಒಳಗಿನ ಮೆಶ್ ಬಳಸಿ. ಪ್ಲಾಸ್ಟಿಸಾಲ್ ಕೊನೆಗೆ ಸಾಮಾನ್ಯವಾಗಿ 160 ಡಿಗ್ರಿ ಸೆಲ್ಸಿಯಸ್ ಸುತ್ತ ಪೂರ್ತಿ ಬೇಯಬೇಕು. ಬೇಯದ ಇಂಕು ಒಗೆದಾಗ ಬಿರುಕು ಬಿಟ್ಟರೆ ಅದಕ್ಕೂ ಒತ್ತಡಕ್ಕೂ ಸಂಬಂಧವಿಲ್ಲ.

ದಿನಕ್ಕೆ ಎಷ್ಟು ಪೀಸು ಹೊಡೆಯಬಹುದು?

ಪೀಸುಗಳನ್ನು ಎಣಿಸುವುದಕ್ಕಿಂತ ಎಳೆತಗಳನ್ನು ಎಣಿಸಿ. ನಾಲ್ಕು ಬಣ್ಣದ ಒಂದು ಶರ್ಟಿಗೆ ಪ್ರತಿ ಬಣ್ಣಕ್ಕೂ ಒಂದು ಫ್ಲಡ್, ಎರಡು ಪ್ರಿಂಟ್ ಎಂದರೆ 12 ಚಲನೆ. 100 ಶರ್ಟಿಗೆ 1,200. ಒಂದೇ ಬಣ್ಣದ 300 ಬಾವುಟಗಳಿಗೆ ಒಂದು ಫ್ಲಡ್, ಒಂದು ಪ್ರಿಂಟ್ ಲೆಕ್ಕದಲ್ಲಿ 600. ಮಾಲೀಕರು ಮೊದಲನೆಯದನ್ನು ಸಣ್ಣ ಆರ್ಡರ್ ಎಂದೂ ಎರಡನೆಯದನ್ನು ದೊಡ್ಡದೆಂದೂ ಕರೆಯುತ್ತಾರೆ. ಕೈಯ ಲೆಕ್ಕ ತಿರುಗುಮುರುಗು.

ಎಲ್ಲರಿಗೂ ಒಪ್ಪುವ ಮಿತಿ ಇಲ್ಲ. ಆದರೆ ಅಪಾಯ ಒಟ್ಟು ಸಂಖ್ಯೆಗಿಂತ ದಿಢೀರ್ ಏರಿಕೆಯಲ್ಲಿದೆ. ಶರಣಬಸವೇಶ್ವರ ಜಾತ್ರೆ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1ರ ರಾಜ್ಯೋತ್ಸವ, ಚುನಾವಣೆ ಇಂಥ ಸಂದರ್ಭಗಳಲ್ಲಿ ವಾರಗಟ್ಟಲೆ ಸುಮ್ಮನಿದ್ದ ಕೈಗೆ ಎರಡು ದಿನದಲ್ಲಿ ಸಾವಿರಾರು ಎಳೆತ ಬೀಳುತ್ತದೆ, ಸ್ನಾಯುರಜ್ಜುಗಳು ಊದಿಕೊಳ್ಳುವುದು ಆಗಲೇ. ದಿನಾಂಕ ಮೊದಲೇ ಗೊತ್ತಿರುವ ಆರ್ಡರುಗಳನ್ನು ಮುಂಚೆಯೇ ಹಿಡಿದು ಹಂಚಿಕೊಳ್ಳುವುದು ಸಾಧ್ಯ. ರಾಜ್ಯೋತ್ಸವ ಪ್ರತಿ ವರ್ಷ ಅದೇ ದಿನ ಬರುತ್ತದೆ, ಆದರೂ ಅಕ್ಟೋಬರ್ 30ರ ರಾತ್ರಿ ನಿದ್ದೆಗೆಡುವುದು ನಿಂತಿಲ್ಲ. ಕೆಲಸದ ನಡುವೆ ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಕೈ ಕೆಳಗೆ ಬಿಟ್ಟು ಬೆರಳು ಬಿಚ್ಚಿ ಮಡಚುವುದು, ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವು ಕೊಡುವುದು, ಮಧ್ಯಾಹ್ನ ಒಮ್ಮೆಲೇ ದೀರ್ಘ ವಿಶ್ರಾಂತಿ ತೆಗೆದುಕೊಳ್ಳುವುದಕ್ಕಿಂತ ಹೆಚ್ಚು ಉಪಯುಕ್ತ.

ರಾತ್ರಿ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಇದು ಏನು?

ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗದಲ್ಲಿ ಜೋಮು, ರಾತ್ರಿ ಹೆಚ್ಚಾಗುವುದು, ಕೈ ಕೊಡವಿದರೆ ಕಡಿಮೆಯಾಗುವುದು ಕಾರ್ಪಲ್ ಟನಲ್ ತೊಂದರೆಯ ಲಕ್ಷಣ. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಸಾಗುವ ಮೀಡಿಯನ್ ನರ, ಸುತ್ತಲಿನ ರಜ್ಜುಗಳು ಊದಿದಾಗ ಒತ್ತಡಕ್ಕೆ ಸಿಲುಕುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಇದು ಹೆಚ್ಚು. ಆರಂಭದಲ್ಲಿ ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿಯುವ ಪಟ್ಟಿ ಕಟ್ಟಿ ಮಲಗುವುದರಿಂದಲೇ ಹಲವರಿಗೆ ಉಪಶಮನ ಸಿಗುತ್ತದೆ.

ಜೋಮು ಹಗಲೂ ಉಳಿದರೆ, ಕೈಯಿಂದ ವಸ್ತುಗಳು ಜಾರತೊಡಗಿದರೆ, ಅಂಗಿಯ ಗುಂಡಿ ಹಾಕುವುದು ಕಷ್ಟವಾದರೆ, ಹೆಬ್ಬೆರಳಿನ ಬುಡದ ಮಾಂಸಖಂಡ ಸೊರಗಿದಂತೆ ಕಂಡರೆ ತಡಮಾಡದೆ ಮೂಳೆ ಅಥವಾ ನರರೋಗದ ವೈದ್ಯರನ್ನು ಕಾಣಿ. ಎರಡೂ ಕೈಗಳ ಜೊತೆ ಪಾದಗಳೂ ಜೋಮು ಹಿಡಿಯುತ್ತಿದ್ದರೆ ಕಾರಣ ಬೇರೆಯಿರಬಹುದು: ಎನ್-ಹೆಕ್ಸೇನ್ ಇರುವ ದ್ರಾವಕಗಳ ಆವಿಯನ್ನು ದೀರ್ಘಕಾಲ ಉಸಿರಾಡಿದರೆ ನರಗಳೇ ಹಾಳಾಗುತ್ತವೆ. ನೀವು ಬಳಸುವ ರಿಡ್ಯೂಸರ್ ಮತ್ತು ಕ್ಲೀನರ್ ಡಬ್ಬಿಗಳ ಲೇಬಲ್ಲಿನ ಫೋಟೊ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಹೆಬ್ಬೆರಳಿನ ಬುಡ, ಮೊಣಕೈ, ಭುಜದ ನೋವು?

ಹೆಬ್ಬೆರಳಿನ ಕಡೆಯ ಮಣಿಕಟ್ಟಿನ ನೋವು ಸಾಮಾನ್ಯವಾಗಿ ಚಿವುಟಿ ಹಿಡಿಯುವುದರಿಂದ, ಮೊಣಕೈಯ ಹೊರಬದಿಯ ನೋವು ಬಿಗಿ ಹಿಡಿತದ ಜೊತೆ ಮಣಿಕಟ್ಟು ಮೇಲಕ್ಕೆ ಬಾಗಿಸುವುದರಿಂದ, ಭುಜದ ನೋವು ತೋಳು ದೂರ ಚಾಚುವುದರಿಂದ ಅಥವಾ ಎತ್ತರದ ಟೇಬಲ್ಲಿನಿಂದ ಬರುತ್ತದೆ. ನೋವಿನ ಜಾಗವೇ ತಪ್ಪಿನ ಜಾಗವನ್ನು ಬಹುಮಟ್ಟಿಗೆ ತೋರಿಸುತ್ತದೆ.

ಕ್ರೇಪ್ ಬ್ಯಾಂಡೇಜ್ ಕಟ್ಟಿಕೊಂಡು ಕೆಲಸ ಮಾಡಬಹುದೇ? ನೋವಿನ ಮಾತ್ರೆ?

ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿಕೊಂಡು ಎಳೆಯುವುದು ಜೋಮು ಇರುವವರಿಗೆ ಹಾನಿಕರ. ಗಟ್ಟಿ ಪಟ್ಟಿ ಕಟ್ಟಿ ದುಡಿದರೆ ಮಣಿಕಟ್ಟಿನ ಕೆಲಸ ಮೊಣಕೈ ಮತ್ತು ಭುಜಕ್ಕೆ ವರ್ಗವಾಗುತ್ತದೆ. ಮಾತ್ರೆ ನುಂಗಿ ಆರ್ಡರ್ ಮುಗಿಸುವ ರೂಢಿ ಇನ್ನೂ ಕೆಟ್ಟದ್ದು. ನೋವು ಕಾಣದಿದ್ದಾಗ ಕೈ ಮಿತಿ ಮೀರುತ್ತದೆ, ವೈದ್ಯರನ್ನು ಕೇಳದೆ ದಿನವೂ ನುಂಗುವ ಇಂಥ ಮಾತ್ರೆಗಳಲ್ಲಿ ಹಲವು ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತವೆ. ಹೊಸ ನೋವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹಳೆಯ ಬಿಗಿತಕ್ಕೆ ಬಿಸಿನೀರಿನ ಶಾಖ ಕೊಡಬಹುದು. ಎರಡು ವಾರದಲ್ಲಿ ಇಳಿಯದ ನೋವನ್ನು ತೋರಿಸಿಕೊಳ್ಳಬೇಕು.

ಸ್ಕ್ರೀನ್ ತೊಳೆಯುವಾಗಲೂ ಕೈ ನೋಯುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ದೂರು ನ್ಯಾಯವಾದದ್ದು. ದಿನದ ಕೊನೆಗೆ ದಣಿದ ಕೈಯಿಂದಲೇ ಉಜ್ಜುವ ಕೆಲಸ ಬರುತ್ತದೆ. ಇಂಕು ಒಣಗುವ ಮೊದಲೇ ತೆಗೆಯಿರಿ, ಎಮಲ್ಷನ್ ತೆಗೆಯುವ ಪುಡಿಯ ದ್ರಾವಣ ಹಚ್ಚಿ ಒಣಗಲು ಬಿಡದೆ ಒಂದೆರಡು ನಿಮಿಷ ಕಾಯಿರಿ, ಆಮೇಲೆ ನೀರಿನ ಒತ್ತಡದಿಂದ ಹಾರಿಸಿ. ಆಗ ಉಜ್ಜುವುದು ಬಹಳ ಕಡಿಮೆಯಾಗುತ್ತದೆ. ಫ್ರೇಮ್ ನೆಲದ ಮೇಲಿಡದೆ ಎದೆಯ ಮಟ್ಟದಲ್ಲಿ ಒರಗಿಸಿ. ದ್ರಾವಕಕ್ಕೆ ತಡೆಯುವ ಕೈಗವಸು ಹಾಕಿ, ಬಾಗಿಲು ಕಿಟಕಿ ತೆರೆದಿಡಿ.

ಕೆಲಸದಿಂದ ಬಂದ ನೋವಿಗೆ ಇಎಸ್‌ಐ ಚಿಕಿತ್ಸೆ ಸಿಗುತ್ತದೆಯೇ?

ಹತ್ತು ಅಥವಾ ಹೆಚ್ಚು ಜನ ದುಡಿಯುವ, ಕಾರ್ಮಿಕ ರಾಜ್ಯ ವಿಮಾ (ಇಎಸ್‌ಐ) ಯೋಜನೆಯ ವ್ಯಾಪ್ತಿಗೆ ಬರುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರ ಹೆಸರು ನೋಂದಾಯಿತವಾಗಿದ್ದರೆ ಚಿಕಿತ್ಸೆ ಸಿಗುತ್ತದೆ. ಕಲಬುರಗಿಯಲ್ಲಿ ಇಎಸ್‌ಐನದೇ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಇವೆ. ಮೂರು ನಾಲ್ಕು ಜನರ ಅಂಗಡಿಗಳವರು ಜಿಲ್ಲಾ ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಬಹುದು. ಎಲ್ಲಿಗೆ ಹೋದರೂ ಕೇವಲ ಕೈ ನೋವು ಎನ್ನದೆ, ದಿನಕ್ಕೆ ಎಷ್ಟು ಎಳೆತ, ಯಾವ ಕೈ, ಎಷ್ಟು ವರ್ಷದಿಂದ ಎಂಬುದನ್ನು ಹೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಸೆಮಿ ಆಟೊಮ್ಯಾಟಿಕ್ ಮಶಿನ್ ತಂದರೆ ಎಲ್ಲ ಸರಿಹೋಗುತ್ತದೆಯೇ?

ಎಳೆಯುವ ಶ್ರಮ ಹೋಗುತ್ತದೆ, ಶರ್ಟ್ ಹಾಕಿ ತೆಗೆಯುವ ವೇಗ ಹೆಚ್ಚುತ್ತದೆ, ಭುಜಕ್ಕೆ ಬೇರೆ ರೀತಿಯ ದುಡಿಮೆ ಬರುತ್ತದೆ. ಒಂದೇ ವಿನ್ಯಾಸದ ದೊಡ್ಡ ಆರ್ಡರ್ ಸದಾ ಇರುವವರಿಗೆ ಮಶಿನ್ ಲಾಭ. ಐವತ್ತು ಕಾರ್ಡು, ಇಪ್ಪತ್ತು ಶರ್ಟಿನ ಕೆಲಸ ಮಾಡುವವರು ಅದೇ ಹಣದ ಸಣ್ಣ ಭಾಗದಲ್ಲಿ ಎಲ್ಲ ಫ್ರೇಮ್‌ಗಳ ಮೆಶ್ ಹೊಸದಾಗಿ ಬಿಗಿಸಿ, ಎರಡು ಒಳ್ಳೆಯ ಸ್ಕ್ವೀಜಿ ತಂದು, ಟೇಬಲ್ಲಿನ ಎತ್ತರ ಸರಿಪಡಿಸಿಕೊಳ್ಳಬಹುದು. ಸಡಿಲ ಮೆಶ್‌ನ ಫ್ರೇಮ್ ಅನ್ನು ಮಶಿನ್ನಿಗೆ ಹಾಕಿದರೂ ಪ್ರಿಂಟ್ ಮಸುಕಾಗಿಯೇ ಬರುತ್ತದೆ.